ಸರ್ಕ್ಯೂಟ್ ಬೆಂಡಿಂಗ್

ಸರ್ಕ್ಯೂಟ್ ಬೆಂಡಿಂಗ್ ಎಂಬುದು ಬ್ಯಾಟರಿಯಿಂದ ನಡೆಯುವ ಧ್ವನಿ ಆಟಿಕೆ, ಚಿಕ್ಕ ಕೀಬೋರ್ಡ್ ಮುಂತಾದ ಅಗ್ಗದ ಸಾಧನಗಳ ವಿದ್ಯುನ್ಮಂಡಲವನ್ನು ಮಾರ್ಪಡಿಸಿ, ತಯಾರಕರು ಉದ್ದೇಶಿಸದ ಧ್ವನಿಗಳನ್ನು ಹೊರಡಿಸುವ ವಿಧಾನವಾಗಿದೆ. ಮಂಡಲದ ಬಿಂದುಗಳನ್ನು ತಂತಿಯಿಂದ ಜೋಡಿಸಿದಾಗ ಬರುವ ಧ್ವನಿಯನ್ನು ಮೊದಲೇ ಊಹಿಸುವುದು ಕಷ್ಟ. ಶ್ರುತಿಯ ನಿಯಂತ್ರಣವು ಇದಕ್ಕೆ ಹೊರತಾಗಿದ್ದು, ಆಟಿಕೆಯನ್ನು ನುಡಿಸಬಹುದಾದ ವಾದ್ಯವನ್ನಾಗಿ ಮಾಡುತ್ತದೆ.

ಇತಿಹಾಸ

ಅಮೆರಿಕದ ಒಹಾಯೊ ರಾಜ್ಯದ ಸಿನ್ಸಿನಾಟಿಯ ಕಲಾವಿದ ರೀಡ್ ಘಜಾಲಾ ಅವರನ್ನು ಈ ವಿಧಾನದ ಪ್ರವರ್ತಕರೆಂದು ಪರಿಗಣಿಸಲಾಗುತ್ತದೆ. 1960ರ ದಶಕದಲ್ಲಿ ಅವರ ಮೇಜಿನ ಡ್ರಾಯರಿನೊಳಗೆ ತೆರೆದಿದ್ದ ಪುಟ್ಟ ಆಂಪ್ಲಿಫೈಯರೊಂದು ಲೋಹಕ್ಕೆ ತಗುಲಿ, ಶಾರ್ಟ್ ಸರ್ಕ್ಯೂಟ್ ಉಂಟಾಗಿ ವಿಚಿತ್ರ ಧ್ವನಿಗಳನ್ನು ಹೊರಡಿಸಿತು. ಈ ಆಕಸ್ಮಿಕವೇ ಅವರ ಪ್ರಯೋಗಗಳಿಗೆ ನಾಂದಿಯಾಯಿತು. 'ಸರ್ಕ್ಯೂಟ್ ಬೆಂಡಿಂಗ್' ಎಂಬ ಹೆಸರನ್ನು ಅವರು 1992ರಲ್ಲಿ ಬಳಕೆಗೆ ತಂದರು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯು 1978ರಲ್ಲಿ ಹೊರತಂದ, ಮಕ್ಕಳಿಗೆ ಕಾಗುಣಿತ ಕಲಿಸುವ 'ಸ್ಪೀಕ್ ಅಂಡ್ ಸ್ಪೆಲ್' ಈ ಪ್ರಯೋಗಗಳಲ್ಲಿ ಹೆಚ್ಚು ಬಳಕೆಯಾದ ಆಟಿಕೆಗಳಲ್ಲೊಂದು.

ಶ್ರುತಿ ನಿಯಂತ್ರಣ

ಬಹುತೇಕ ಧ್ವನಿ ಆಟಿಕೆಗಳಲ್ಲಿ ಧ್ವನಿಯ ಮಾಹಿತಿಯು ಚಿಪ್‌ನಲ್ಲಿ ಅಂಕೀಯ ರೂಪದಲ್ಲಿರುತ್ತದೆ. ಅದನ್ನು ಓದುವ ವೇಗವನ್ನು ಆಂದೋಲಕವೊಂದರ ಗಡಿಯಾರ ಸ್ಪಂದನಗಳು ನಿರ್ಧರಿಸುತ್ತವೆ. ಅನೇಕ ಆಟಿಕೆಗಳಲ್ಲಿ ಈ ಸ್ಪಂದನಗಳ ಆವೃತ್ತಿಯು ಚಿಪ್‌ನ ಹೊರಗಿರುವ ರೋಧಕವೊಂದನ್ನು ಅವಲಂಬಿಸಿರುತ್ತದೆ. ರೋಧ ಹೆಚ್ಚಿದಂತೆ ಆವೃತ್ತಿ ಇಳಿಯುತ್ತದೆ.

ಧ್ವನಿ ಹೊರಡುತ್ತಿರುವಾಗ ಒದ್ದೆ ಬೆರಳಿನಿಂದ ಬೆಸುಗೆಯ ಬಿಂದುಗಳನ್ನು ಮುಟ್ಟಿ ಈ ರೋಧಕವನ್ನು ಪತ್ತೆಹಚ್ಚಬಹುದು. ಬೆರಳು ಅದಕ್ಕೆ ಸಮಾಂತರವಾದ ರೋಧದಂತೆ ವರ್ತಿಸಿ ಒಟ್ಟು ರೋಧವನ್ನು ತಗ್ಗಿಸುವುದರಿಂದ ಶ್ರುತಿ ಏರುತ್ತದೆ. ಬಳಿಕ ಆ ರೋಧಕವನ್ನು ತೆಗೆದು ಪೊಟೆನ್ಷಿಯೋಮೀಟರನ್ನು ಬೆಸೆಯಲಾಗುತ್ತದೆ. ಗುಬುಟನ್ನು ತಿರುಗಿಸಿದಂತೆ ಶ್ರುತಿ ಏರಿಳಿಯುತ್ತದೆ.

ಗಡಿಯಾರದ ಆವೃತ್ತಿ ಅರ್ಧಕ್ಕಿಳಿದರೆ ಧ್ವನಿಯು ಒಂದು ಸ್ಥಾಯಿ ಕೆಳಗಿಳಿಯುತ್ತದೆ. ಅದರ ಅವಧಿಯೂ ಎರಡರಷ್ಟಾಗುತ್ತದೆ. ನಿಧಾನವಾಗಿ ತಿರುಗುವ ಗ್ರಾಮಫೋನ್ ತಟ್ಟೆಯಂತೆ ಇಲ್ಲಿಯೂ ಶ್ರುತಿ ಮತ್ತು ವೇಗ ಒಟ್ಟಿಗೇ ಬದಲಾಗುತ್ತವೆ.

ಮಿತಿಗಳು

ರೋಧ ತೀರಾ ಕಡಿಮೆಯಾದರೆ ಚಿಪ್ ಸ್ತಬ್ಧವಾಗಬಹುದು. ಇದನ್ನು ತಡೆಯಲು ಪೊಟೆನ್ಷಿಯೋಮೀಟರಿನೊಂದಿಗೆ ಸರಣಿಯಲ್ಲಿ ಸ್ಥಿರ ರೋಧಕವೊಂದನ್ನು ಜೋಡಿಸುವುದು ವಾಡಿಕೆ. ಗಡಿಯಾರಕ್ಕೆ ಸ್ಫಟಿಕವನ್ನು ಬಳಸಿದ ಆಟಿಕೆಗಳಲ್ಲಿ ಈ ವಿಧಾನ ಫಲಿಸುವುದಿಲ್ಲ. ಅವುಗಳಿಗೆ ಪ್ರತ್ಯೇಕ ಆಂದೋಲಕ ಬೇಕಾಗುತ್ತದೆ. ಅಗ್ಗದ ಆಟಿಕೆಗಳಲ್ಲಿ ಚಿಪ್ ಸಾಮಾನ್ಯವಾಗಿ ಕಪ್ಪು ರಾಳದಡಿ ಮುಚ್ಚಿಹೋಗಿರುವುದರಿಂದ, ಒಮ್ಮೆ ಸುಟ್ಟರೆ ಅದನ್ನು ಬದಲಿಸಲು ಬಹುತೇಕ ಸಾಧ್ಯವಾಗದು.

ಸುರಕ್ಷತೆ

ಈ ಪ್ರಯೋಗವನ್ನು ಕಡಿಮೆ ವೋಲ್ಟೇಜಿನ ಬ್ಯಾಟರಿ ಸಾಧನಗಳಲ್ಲಿ ಮಾತ್ರ ಮಾಡಬೇಕು. ಮನೆಯ ವಿದ್ಯುತ್ತಿಗೆ ಅಥವಾ ಅಡಾಪ್ಟರಿಗೆ ಜೋಡಿಸಿದ ಸಾಧನವನ್ನು ತೆರೆದು ಮುಟ್ಟುವುದು ಪ್ರಾಣಾಪಾಯಕ್ಕೆ ಕಾರಣವಾಗಬಹುದು.