ಬೈರಿಗೆ ಹೋಗಿ ಬ್ಯಾಟರಿ ಬಂತು

ನಮ್ಮ ಕಡೆ ಹೊಸ ಮನೆ ಕಟ್ಟಿದೋರ ಹತ್ರ ಈಗೀಗ ಒಂದು ಬ್ಯಾಟರಿ ಮಿಷನ್ನು ಇದ್ದೇ ಇರ್ತದೆ. ಪಿಸ್ತೂಲಿನ ಥರ ಹಿಡಿ, ಗುಂಡಿ ಒತ್ತಿದ್ರೆ ಸ್ಕ್ರೂ ಸರ್ರಂತ ಒಳಕ್ಕೆ ಹೋಯ್ತದೆ, ಆಮೇಲೆ ಟಕಟಕಟಕ ಅಂತ ಕಿವಿ ಕಿತ್ತೋಗೋ ಸದ್ದು. ಇಂಪ್ಯಾಕ್ಟ್ ಡ್ರೈವರ್ ಅಂತಾರೆ. ಗಂಡಸ್ರು ಮನೇಲಿಲ್ಲದಾಗ ಕಬಾಟಿನ ಹಿಂಜು ಬಿಗಿಯೋಕೆ ನಾವು ಅದನ್ನ ಮುಟ್ಬೋದಾ ಅಂತ ಪಕ್ಕದ ಮನೆ ಅಕ್ಕ ಕೇಳಿದ್ರು. ಧಾರಾಳವಾಗಿ ಮುಟ್ಟಿ ಅಕ್ಕ. ಮುಟ್ಟೋ ಮುಂಚೆ ಅದರ ವಂಶಾವಳಿ ಒಂಚೂರು ಕೇಳಿ, ಅದರಲ್ಲಿ ಅರ್ಧ ನಮ್ಮ ಚನ್ನಪಟ್ಟಣದಲ್ಲೇ ಅದೆ.

ಹಿಂದೆ ಆಚಾರ್ರ ಹತ್ರ ಇದ್ದದ್ದು ಬೈರಿಗೆ. ಬಿಲ್ಲಿನಂಥ ಕೋಲಿನ ಹಗ್ಗನ ಬೈರಿಗೆಗೆ ಸುತ್ತಿ ಹಿಂದಕ್ಕೂ ಮುಂದಕ್ಕೂ ಎಳೆದ್ರೆ ಅದು ತಿರುಗಿ ತೂತು ಕೊರೀತಿತ್ತು. ಚನ್ನಪಟ್ಟಣದ ಗೊಂಬೆ ಮಾಡೋರ ಕೈ ಲೇತ್ ಕೂಡ ಇದೇ ಉಪಾಯ. ಏನಂದ್ರೆ, ಇಲ್ಲಿ ತಿರುಗೋದು ಮರ, ಉಳಿ ಇದ್ದಲ್ಲೇ ಇರ್ತದೆ. ಕೆಲಸ ನಿಧಾನ, ರಟ್ಟೆ ಬಿದ್ದೋಗದು. ಆದ್ರೆ ಅದಕ್ಕೆ ಒಂದು ಒಳ್ಳೆ ಗುಣ ಇತ್ತು: ಕೈ ನಿಂತ್ರೆ ಹತಾರನೂ ನಿಂತುಬಿಡೋದು.

ಟಿಪ್ಪು ಸುಲ್ತಾನ್ ಪರ್ಶಿಯಾದಿಂದ ಕುಶಲಕರ್ಮಿಗಳನ್ನ ಕರೆಸಿ ಈ ಕಸುಬು ಕಲಿಸಿದ ಅಂತ ಹೇಳ್ತಾರೆ. ಆಮೇಲೆ ಬಾವಾಸ್ ಮಿಯಾನ್ ಅನ್ನೋರು ಜಪಾನಿನ ವಿಧಾನಗಳನ್ನ ಇಲ್ಲಿಗೆ ತಂದ್ರು, ಚನ್ನಪಟ್ಟಣದೋರು ಅವರನ್ನ ಗೊಂಬೆ ಕಸುಬಿನ ತಂದೆ ಅಂತಲೇ ನೆನೀತಾರೆ. ಆಲೆ ಮರದ ತುಂಡು ಗಿರಗಿರ ತಿರುಗ್ತಾ ಇರ್ತದೆ, ಅದಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿ ಹಿಡಿದ್ರೆ ಉಜ್ಜಿದ ಬಿಸಿಗೇ ಅರಗು ಕರಗಿ ಹತ್ಕೋತದೆ. ಮೇಲೆ ತಾಳೆಗರಿ ಹಿಡಿದ್ರೆ ಕನ್ನಡಿ ಹೊಳೆದಂಗೆ ಹೊಳೀತದೆ. ನಿಂತು ನೋಡೋಕೆ ಕಣ್ಣು ಸಾಲದು ಬಿಡಿ.

ಮೋಟರ್ ಬಂದ ಮೇಲೆ ಕೆಲಸ ಬಿರುಸಾಯ್ತು. ಲೇತ್ ಮುಂದೆ ಹೆಣ್ಣುಮಕ್ಕಳೂ ಕೂತ್ರು. ಆದ್ರೆ ಮೋಟರಿಗೆ ಸೆರಗು ಯಾವ್ದು, ಮರ ಯಾವ್ದು ಗೊತ್ತಾಗಲ್ಲ. ಸುತ್ತಿಕೊಂಡ್ರೆ ಎಳ್ಕೊಳೋದೇ ಅದರ ಧರ್ಮ. ಅದಕ್ಕೇ ತಿರುಗೋ ಯಂತ್ರದ ಮುಂದೆ ಸೆರಗು ಬಿಗಿಯಾಗಿ ಸಿಕ್ಕಿಸಬೇಕು, ಜಡೆ ಎತ್ತಿ ಕಟ್ಟಬೇಕು, ಬಳೆ ತೆಗೀಬೇಕು. ಸಡಿಲವಾದ ಬಟ್ಟೆ ಕೈಗವಸೂ ಬೇಡ, ಅದು ಕಾಪಾಡಲ್ಲ, ಬೆರಳನ್ನೇ ಒಳಕ್ಕೆ ಎಳೀತದೆ.

ವೈರಿಲ್ಲದ ಡ್ರಿಲ್ಲು ಬಂದದ್ದು 1961ರಲ್ಲಿ, ಅಮೆರಿಕದ ಬ್ಲ್ಯಾಕ್ ಅಂಡ್ ಡೆಕರ್ ಕಂಪನಿಯಿಂದ. ಅದೇ ಕಂಪನಿ ಜೆಮಿನಿ ಗಗನಯಾತ್ರಿಗಳಿಗೂ ಒಂದು ಹತಾರ ಮಾಡಿಕೊಡ್ತು. ಆಕಾಶದಲ್ಲಿ ಕಾಲೂರೋಕೆ ನೆಲ ಇಲ್ವಲ್ಲ, ಬೋಲ್ಟು ತಿರುಗಿಸಕ್ಕೆ ಹೋದ್ರೆ ಮನುಷ್ಯನೇ ತಿರುಗಿಬಿಡ್ತಾನೆ! ಆ ತಿರುಚನ್ನ ಕಮ್ಮಿ ಮಾಡೋದೇ ಅದರ ಕೆಲಸ. 1971ರಲ್ಲಿ ಅಪೊಲೊ 15ರೋರು ಚಂದ್ರನ ನೆಲ ಕೊರೆದದ್ದೂ ಬ್ಯಾಟರಿ ಡ್ರಿಲ್ಲಿನಲ್ಲೇ.

ಮನೇಲೂ ಅದೇ ಕತೆ. ಸಾದಾ ಡ್ರಿಲ್ಲು ಸಿಕ್ಕಾಕೊಂಡ್ರೆ ನಮ್ಮ ಮಣಿಕಟ್ಟನ್ನೇ ತಿರುಚ್ತದೆ. ಇಂಪ್ಯಾಕ್ಟ್ ಡ್ರೈವರಿನ ಹೊಟ್ಟೇಲಿ ಒಂದು ಪುಟ್ಟ ಸುತ್ತಿಗೆ ಅದೆ. ಸ್ಕ್ರೂ ಬಿಗಿಯಾದಂಗೆ ಅದು ತಿರುಗೋ ದಿಕ್ಕಿಗೇ ಹೊಡೆದು ಹೊಡೆದು ನೂಕ್ತದೆ, ನಿಮಿಷಕ್ಕೆ 3000 ಪೆಟ್ಟಿನ ಮೇಲೂ ಹೊಡೆಯೋವು ಅವೆ. ಟಕಟಕ ಸದ್ದು ಅದೇನೆ. ಅದರಿಂದ ಕೈಗೆ ಎಳೆತ ಕಮ್ಮಿ, ನಮ್ಮಂಥ ಸಣ್ಣ ಕೈಯೋರಿಗೆ ಇದು ಡ್ರಿಲ್ಲಿಗಿಂತ ಹಿತ ಅಂತ ನನ್ನ ಲೆಕ್ಕ. ಕೈಗೆ ಹಿತ ಅಂತ ಮೈಮರೆತ್ರೆ ಮಾತ್ರ ಸ್ಕ್ರೂ ತಲೆ ಕಿತ್ತೋಯ್ತದೆ, ಇಲ್ಲಾ ಮರ ಸೀಳ್ತದೆ.

ಬಿಟ್ಟು ಬದಲಾಯಿಸೋವಾಗ ಬ್ಯಾಟರಿ ಕಳಚಿಡಿ. ಬಿಟ್ಟಿನ ಬುಡ ಆರು ಮೂಲೆದು, ಕಾಲಿಂಚು ಇರ್ಬೇಕು. ಕೊರಳಪಟ್ಟಿ ಎಳೆದು ಒಳಕ್ಕೆ ಹಾಕಿ ಬಿಟ್ರೆ ಟಕ್ ಅಂತ ಕೂರ್ತದೆ, ಒಂದ್ಸಲ ಎಳೆದು ನೋಡಿ. ಈ ಮಿಷನ್ನಿಗೆ ಅಂತಲೇ ಮಾಡಿದ ಬಿಟ್ಟು ತನ್ನಿ, ಹಳೇ ತಿರುಪುಳಿ ಬಿಟ್ಟು ಮುರಿದು ಮುಖಕ್ಕೆ ಹಾರ್ಬೋದು. ಕನ್ನಡಕ ಹಾಕ್ಕೊಳ್ಳಿ, ಕಿವಿಗೂ ಏನಾದ್ರೂ ಇಟ್ಕೊಳ್ಳಿ. ಹೊನ್ನೆ, ತೇಗದಂಥ ಗಟ್ಟಿ ಮರಕ್ಕೆ ಮೊದ್ಲು ಸಣ್ಣ ತೂತು ಕೊರೀಲೇಬೇಕು. ಮರದ ತುಂಡನ್ನ ಇನ್ನೊಂದು ಕೈಲಿ ಹಿಡ್ಕೊಂಡು ಆ ಕೈ ಕಡೆಗೇ ಸ್ಕ್ರೂ ಬಿಡಬೇಡಿ, ಹಲಗೆಗೆ ಅದುಮಿ ಕಟ್ಟಿ. ಮಿಷನ್ನನ್ನ ಸ್ಕ್ರೂ ನೇರಕ್ಕೆ ಹಿಡಿದು, ಹಿಂದಿಂದ ಚೆನ್ನಾಗಿ ಒತ್ತಿ, ಗುಂಡಿನ ಮೆಲ್ಲಗೆ ಅದುಮಿ. ಕಾಂಕ್ರೀಟ್ ಗೋಡೆಗೆ ಇದು ಆಗಲ್ಲ, ಅದಕ್ಕೆ ಹ್ಯಾಮರ್ ಡ್ರಿಲ್ಲೇ ಬೇಕು.

ಇನ್ನು ಹಿಂಜಿನ ಸಣ್ಣ ಸ್ಕ್ರೂ ಅಂದ್ರೆ, ಟಕಟಕ ಶುರುವಾಗೋ ಮುಂಚೆಯೇ ಗುಂಡಿ ಬಿಟ್ಟುಬಿಡಿ. ಉಳಿದ ಎರಡು ಸುತ್ತು ತಿರುಪುಳಿ ತಗೊಂಡು ಕೈಲೇ ತಿರುಗಿಸಿ ಅಕ್ಕ, ಎಷ್ಟು ಬಿಗೀತು ಅಂತ ಬೆರಳಿಗೇ ಗೊತ್ತಾಗ್ತದೆ.