ಶಿಕ್ಷೆಯೊಳಗಿನ ಕಲಿಕೆ

ದೆಹಲಿಯಲ್ಲಿ ‘ಶಿಕ್ಷಾ ಮಂತ್ರಾಲಯ’ ಇದೆ. ದೇಶದ ಶಾಲೆ, ವಿಶ್ವವಿದ್ಯಾಲಯಗಳ ಹೊಣೆ ಹೊತ್ತ ಖಾತೆಗೆ ಹಿಂದಿಯಲ್ಲಿ ಅದೇ ಹೆಸರು. ಅಲ್ಲಿಂದ ಹೊರಟ ‘ಸರ್ವ ಶಿಕ್ಷಾ ಅಭಿಯಾನ’ ಕರ್ನಾಟಕಕ್ಕೆ ಬಂದಾಗ ‘ಸರ್ವ ಶಿಕ್ಷಣ ಅಭಿಯಾನ’ ಆಯಿತು. ಆಗಲೇಬೇಕಿತ್ತು. ಎಲ್ಲರಿಗೂ ಶಿಕ್ಷೆ ಎಂದು ಯಾವ ಊರಿನ ಶಾಲೆಯ ಗೋಡೆಯ ಮೇಲೆ ಬರೆಸಲಾದೀತು? ಹಿಂದಿ, ಬಂಗಾಳಿ, ಒಡಿಯಾ, ನೇಪಾಳಿ ಭಾಷೆಗಳಲ್ಲಿ ಶಿಕ್ಷಾ ಎಂದರೆ ವಿದ್ಯೆ. ಕನ್ನಡ, ತೆಲುಗು, ಮಲಯಾಳ, ಮರಾಠಿಗಳಲ್ಲಿ ಅದು ದಂಡನೆ. ಮೂಲ ಒಂದೇ ಆದರೂ ಅಲ್ಲಿ ಮಗುವಿಗೆ ಕೊಡಬೇಕಾದದ್ದು, ಇಲ್ಲಿ ಅಪರಾಧಿಗೆ ಕೊಡುವಂಥದ್ದು.

ಮೂಲಕ್ಕೆ ಹೋದರೆ ಸಿಗುವ ಅರ್ಥ ಇವೆರಡಕ್ಕಿಂತ ಸೊಗಸಾಗಿದೆ. ಸಂಸ್ಕೃತದಲ್ಲಿ ಬಯಕೆಯನ್ನು ಸೂಚಿಸುವ ಕ್ರಿಯಾರೂಪವೊಂದಿದೆ. ತಿಳಿಯುವ ಬಯಕೆ ಜಿಜ್ಞಾಸೆ, ಕುಡಿಯುವ ಬಯಕೆ ಪಿಪಾಸೆ, ಕೇಳುವ ಬಯಕೆ ಶುಶ್ರೂಷೆ, ಬಿಡುಗಡೆ ಬಯಸುವವನು ಮುಮುಕ್ಷು. ಇದೇ ಸಾಲಿನಲ್ಲಿ ‘ಶಕ್’ ಧಾತುವಿನಿಂದ ಹುಟ್ಟಿದ್ದು ಶಿಕ್ಷಾ. ‘ಶಕ್’ ಎಂದರೆ ಸಮರ್ಥನಾಗು. ಶಕ್ತಿ, ಶಕ್ಯ ಎಂಬ ಮಾತುಗಳೂ ಅದರಿಂದಲೇ ಬಂದವು. ಹಾಗಾದರೆ ಶಿಕ್ಷೆ ಎಂದರೆ ‘ನನಗೂ ಇದು ಸಾಧ್ಯವಾಗಲಿ’ ಎಂಬ ಆಸೆ. ಆಸೆ ಪಡುವವರು ಕಲಿಯುವವರೇ. ಪದ ಹುಟ್ಟಿದಾಗ ಅದರಲ್ಲಿ ಬೆತ್ತವಿರಲಿಲ್ಲ, ಬೆದರಿಕೆಯೂ ಇರಲಿಲ್ಲ.

ಹಳೆಯ ಬಳಕೆಗಳೂ ಇದನ್ನೇ ಹೇಳುತ್ತವೆ. ಆರು ವೇದಾಂಗಗಳಲ್ಲಿ ‘ಶಿಕ್ಷಾ’ ಎಂದರೆ ಉಚ್ಚಾರಣೆಯ ಶಾಸ್ತ್ರ. ತೈತ್ತಿರೀಯ ಉಪನಿಷತ್ತಿನ ಶೀಕ್ಷಾವಲ್ಲಿ ಅದರ ಆರು ಅಂಶಗಳನ್ನು ಹೆಸರಿಸುತ್ತದೆ: ವರ್ಣ, ಸ್ವರ, ಮಾತ್ರೆ, ಬಲ, ಸಾಮ, ಸಂತಾನ. ನಾಲಗೆ ಎಲ್ಲಿ ತಾಕಬೇಕು, ಎಷ್ಟು ಹೊತ್ತು ಎಳೆಯಬೇಕು, ಎಷ್ಟು ಒತ್ತು ಕೊಡಬೇಕು ಎಂಬುದನ್ನೆಲ್ಲ ಗುರುವಿನ ಎದುರು ಕೂತು ಮತ್ತೆ ಮತ್ತೆ ಹೇಳಿಯೇ ಕಲಿಯಬೇಕು. ಪಾಲಿಯಲ್ಲಿ ಈ ಪದ ‘ಸಿಕ್ಖಾ’ ಆಯಿತು. ಬೌದ್ಧರಿಗೆ ಶೀಲ, ಸಮಾಧಿ, ಪ್ರಜ್ಞೆಗಳ ಸಾಧನೆಯೇ ಮೂರು ಸಿಕ್ಖಾ. ಹಿಂದಿಯ ‘ಸೀಖನಾ’, ಅಂದರೆ ಕಲಿಯುವುದು, ಇದೇ ಬಳ್ಳಿಯ ಕುಡಿ.

ಕಲಿಕೆ ದಂಡನೆಯಾದದ್ದು ಒಂದೇ ನೆಗೆತದಲ್ಲಲ್ಲ. ನಡುವೆ ತಿದ್ದುವುದು ಎಂಬ ಮೆಟ್ಟಿಲಿದೆ. ಕನ್ನಡದಲ್ಲಿ ಮಗು ಅಕ್ಷರ ತಿದ್ದುತ್ತದೆ, ಮೇಷ್ಟರು ತಪ್ಪು ತಿದ್ದುತ್ತಾರೆ, ದಾರಿ ತಪ್ಪಿದವನನ್ನು ಊರು ತಿದ್ದುತ್ತದೆ. ಒಳ್ಳೆಯ ಮಾತಿನಿಂದ ತಿದ್ದಲಾಗದವನನ್ನು ಹೊಡೆದು ತಿದ್ದಬೇಕು ಎಂಬ ನಂಬಿಕೆ ಬೆಳೆದಾಗ ಪದವೂ ಅದರ ಬೆನ್ನು ಹತ್ತಿತು. ‘ಶಾಸ್’ ಧಾತುವಿಗೆ ಆದದ್ದೂ ಇದೇ. ಅದರಿಂದ ಶಾಸ್ತ್ರ ಬಂತು, ಶಿಷ್ಯ ಬಂದ. ‘ತಕ್ಕ ಶಾಸ್ತಿ’ ಎನ್ನುವಾಗಿನ ಶಾಸ್ತಿಯೂ ಬಂತು. ಶಿಕ್ಷಾ ಪದವನ್ನು ವಿದ್ಯೆಗೇ ಉಳಿಸಿಕೊಂಡ ಬಂಗಾಳಿಯಲ್ಲಿ ದಂಡನೆಗೆ ಇರುವ ಮಾತು ಈ ಶಾಸ್ತಿಯೇ. ಆಡುಗನ್ನಡದ ಮಾತುಗಳೂ ಇದಕ್ಕೆ ಹೊರತಲ್ಲ. ‘ನಿನಗೆ ಬುದ್ಧಿ ಕಲಿಸ್ತೀನಿ’, ‘ಸರಿಯಾಗಿ ಪಾಠ ಕಲಿಸ್ತೀನಿ’ ಎಂದು ಯಾರಾದರೂ ಗದರಿದರೆ, ಪುಸ್ತಕ ತೆರೆಯುತ್ತಾರೆಂದು ಯಾರೂ ತಿಳಿಯುವುದಿಲ್ಲ.

ಕನ್ನಡದಲ್ಲಿ ಎರಡೂ ಅರ್ಥಗಳು ಇಂದಿಗೂ ಅಕ್ಕಪಕ್ಕದಲ್ಲೇ ಬಾಳುತ್ತಿವೆ. ದೇವರನ್ನು ‘ದುಷ್ಟಶಿಕ್ಷಕ, ಶಿಷ್ಟರಕ್ಷಕ’ ಎಂದು ಸ್ತುತಿಸುತ್ತೇವೆ. ಅಲ್ಲಿ ಶಿಕ್ಷಕ ಎಂದರೆ ದಂಡಿಸುವವನು. ಶಾಲೆಯ ಕೋಣೆಯ ಬಾಗಿಲ ಮೇಲೆ ‘ಮುಖ್ಯ ಶಿಕ್ಷಕರು’ ಎಂದಿದ್ದರೆ ಕಲಿಸುವವರು. ಶಿಕ್ಷೆ ಜೈಲಿನ ಕಡೆ ಹೋಯಿತು, ಶಿಕ್ಷಣ ಶಾಲೆಯ ಕಡೆ ಬಂತು. ಮರಾಠಿಯಲ್ಲೂ ಇದೇ ಹಂಚಿಕೆ. ತೆಲುಗಿನಲ್ಲಿ ‘ಶಿಕ್ಷಣ’ ತರಬೇತಿಗೆ ಸಂದಿತು. ಮಲಯಾಳದಲ್ಲಿ ಶಾಲೆಯ ಓದಿಗೆ ವಿದ್ಯಾಭ್ಯಾಸ ಎಂಬ ಮಾತೇ ಬಳಕೆಯಲ್ಲಿದೆ.

ಕಡಲು ದಾಟಿದ ಮೇಲೂ ಈ ಕವಲು ಪದವನ್ನು ಬಿಡಲಿಲ್ಲ. ಥಾಯ್ ಭಾಷೆಯಲ್ಲಿ ‘ಸುಕ್ಸಾ’ ಎಂದರೆ ಅಧ್ಯಯನ. ‘ನಕ್ ಸುಕ್ಸಾ’ ಎಂದರೆ ಕಾಲೇಜು ವಿದ್ಯಾರ್ಥಿ. ಕಂಬೋಡಿಯದ ಖ್ಮೇರ್, ಲಾವೋಸಿನ ಲಾವೋ ಭಾಷೆಗಳಲ್ಲೂ ಅದು ಓದೇ. ಇಂಡೊನೇಷ್ಯಾಕ್ಕೆ ಬಂದರೆ ‘ಸಿಕ್ಸಾ’ ಎಂದರೆ ಯಾತನೆ, ಚಿತ್ರಹಿಂಸೆ. ‘ಮೆನ್ಯಿಕ್ಸಾ’ ಎಂದರೆ ಹಿಂಸಿಸುವುದು. ಅಲ್ಲಿಯೂ ಮೊದಲಿಗೆ ಹೀಗಿರಲಿಲ್ಲ. ಪಶ್ಚಿಮ ಜಾವಾದ ಸುಂದಾ ಭಾಷೆಯಲ್ಲಿ ಶಕ ವರ್ಷ 1440ರ, ಅಂದರೆ ಕ್ರಿ.ಶ. 1518ರ ಒಂದು ಹಸ್ತಪ್ರತಿ ಉಳಿದಿದೆ. ಅದರ ಹೆಸರು ‘ಸಂಘ್ಯಂಗ್ ಸಿಕ್ಸಾ ಕಂದಂಗ್ ಕರೆಸಿಯನ್’. ಬಾಳುವ ರೀತಿನೀತಿಗಳನ್ನು ಬೋಧಿಸುವ ಗ್ರಂಥವದು. ಅಲ್ಲಿ ಸಿಕ್ಸಾ ಎಂದರೆ ಬೋಧೆ, ನಿಯಮ.

ಎರಡು ನಾಡುಗಳಲ್ಲಿ ಒಂದೇ ಪದ ಒಂದೇ ರೀತಿ ಕಹಿಯಾಗಿದ್ದರೆ ತಪ್ಪು ಪದದ್ದಲ್ಲ. ಕಲಿಸುವುದಕ್ಕೂ ನೋಯಿಸುವುದಕ್ಕೂ ನಡುವಿನ ಗೆರೆಯನ್ನು ಮನುಷ್ಯರು ಎಷ್ಟು ಸುಲಭವಾಗಿ ಅಳಿಸಿದರೆಂಬುದಕ್ಕೆ ಅದು ಸಾಕ್ಷಿ. ನಮ್ಮ ಹಳೆಯ ಕೂಲಿಮಠಗಳಲ್ಲಿ ಹುಡುಗರನ್ನು ಹಗ್ಗಕ್ಕೆ ಜೋತುಬೀಳಿಸುವ ‘ಕೋದಂಡ’ವಿತ್ತು. ಆಮೇಲೆ ನಾಗರಬೆತ್ತ, ಬಸ್ಕಿ, ಬೆಂಚಿನ ಮೇಲೆ ನಿಲ್ಲಿಸುವುದು, ನೂರು ಸಲ ಬರೆಸುವುದು ಬಂದವು. ‘ದಂಡಂ ದಶಗುಣಂ’ ಎಂದು ಹಿರಿಯರು ಇವಕ್ಕೆಲ್ಲ ಒಪ್ಪಿಗೆ ಕೊಟ್ಟರು. ಇದರಲ್ಲಿ ನನಗೆ ಅತ್ಯಂತ ಅನ್ಯಾಯವಾಗಿ ಕಾಣುವುದು ನೂರು ಸಲ ಬರೆಸುವುದು. ಬರೆಯುವ ಸುಖವನ್ನೇ ದಂಡನೆ ಮಾಡಿಬಿಟ್ಟರೆ, ಆ ಮಗು ಮುಂದೆ ಲೇಖನಿಯನ್ನು ಪ್ರೀತಿಯಿಂದ ಹಿಡಿಯುವುದು ಹೇಗೆ?

2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಸೆಕ್ಷನ್ ಶಾಲೆಯಲ್ಲಿ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಶಿಕ್ಷಣದಿಂದ ಶಿಕ್ಷೆಯನ್ನು ಬೇರೆ ಮಾಡುವ ಕೆಲಸವನ್ನು ಕೊನೆಗೆ ಕಾನೂನೇ ಮಾಡಬೇಕಾಯಿತು. ಆದರೆ ಮನೆಯಲ್ಲಿ ‘ಓದದಿದ್ದರೆ ನೋಡು’ ಎನ್ನುವ ಸ್ವರವನ್ನು ಯಾವ ಸೆಕ್ಷನ್ನೂ ತಡೆಯಲಾರದು. ಶಿಕ್ಷೆ ಎಂಬ ಪದಕ್ಕೆ ಕನ್ನಡದಲ್ಲಿ ಹಳೆಯ ಅರ್ಥವನ್ನು ಮರಳಿ ಕೊಡುವುದು ಇನ್ನು ಆಗದ ಮಾತು, ಕೊಡಬೇಕಾಗಿಯೂ ಇಲ್ಲ. ಆ ಅರ್ಥದಲ್ಲಿದ್ದ ಬಯಕೆಯನ್ನು ಮಕ್ಕಳಲ್ಲಿ ಉಳಿಸಿದರೆ ಸಾಕು. ಮೇಷ್ಟರೇ, ತಾಯಂದಿರೇ, ತಂದೆಯರೇ, ‘ನನಗೂ ಇದು ಬರಲಿ’ ಎಂದು ಮಗು ತಾನಾಗಿ ಆಸೆಪಡುವವರೆಗೆ ದಯವಿಟ್ಟು ಕಾಯಿರಿ.