ಹೆಸರಘಟ್ಟದ ನೀರು, ಬೆಂಗಳೂರಿನ ತೋಟ, ನಮ್ಮೂರ ತೋಪು

ಬೆಂಗಳೂರಿನ ಚರಿತ್ರೆ ಬರೆದವರು ನಮ್ಮ ಸೋಲದೇವನಹಳ್ಳಿಯನ್ನು ನೆನೆಯುವುದು ಹೆಚ್ಚಾಗಿ ನೀರಿನ ಕಾರಣಕ್ಕೆ. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1894ರಲ್ಲಿ, ಹೆಸರಘಟ್ಟದ ಕೆರೆಯಿಂದ ಪಟ್ಟಣಕ್ಕೆ ನೀರು ಒಯ್ಯುವ ಯೋಜನೆ ರೂಪುಗೊಂಡಿತು. ಚಾಮರಾಜೇಂದ್ರ ವಾಟರ್ ವರ್ಕ್ಸ್ ಎಂದು ಅದರ ಹೆಸರು. ನಂದಿ ಬೆಟ್ಟದ ಸೀಮೆಯಲ್ಲಿ ಹುಟ್ಟಿ ಬರುವ ಅರ್ಕಾವತಿಯ ನೀರು ಹೆಸರಘಟ್ಟದಲ್ಲಿ ನಿಂತು, ಅಲ್ಲಿಂದ ಇಳಿಜಾರಿನಲ್ಲಿ ತಾನಾಗಿಯೇ ಹರಿದು ತರಬನಹಳ್ಳಿಯ ಮೂಲಕ ನಮ್ಮೂರಿಗೆ ಬರುತ್ತಿತ್ತು. ಮುಂದೆ ಬೆಂಗಳೂರು ದಿಣ್ಣೆಯ ಮೇಲಿರುವ ಊರು. ಆದ್ದರಿಂದ ಇಲ್ಲಿ ಆವಿ ಯಂತ್ರಗಳನ್ನು ಕೂರಿಸಿ, ನೀರನ್ನು ಮಲ್ಲೇಶ್ವರದ ಕಡೆಗೆ ಎತ್ತಿ ತಳ್ಳಬೇಕಾಯಿತು. ನಮ್ಮ ಹಿರಿಯರು ‘ಪಂಪ್ ಹೌಸ್’ ಎಂದರೆ ಇದೇ.

ಆ ನೀರು ಪಟ್ಟಣದವರ ಬಾಯಾರಿಕೆ ತಣಿಸಿತೆಂಬುದು ಎಲ್ಲರೂ ಹೇಳುವ ಮಾತು. ಪಟ್ಟಣದ ತೋಟಗಳ ರೂಪವನ್ನೂ ಅದು ಬದಲಿಸಿತು ಎಂಬುದನ್ನು ಅಷ್ಟಾಗಿ ಯಾರೂ ಹೇಳುವುದಿಲ್ಲ. ಸುವರ್ಣ ಮಹೋತ್ಸವದ ಈ ಸಂಚಿಕೆಯಲ್ಲಿ ನಾನು ಬರೆಯಹೊರಟಿರುವುದು ಆ ಬಗ್ಗೆ. ತೋಟದ ವಿಷಯಕ್ಕೂ ನಮ್ಮ ಶಾಲೆಗೂ ಏನು ಸಂಬಂಧವೆಂದು ಕೇಳುವವರು ಸ್ವಲ್ಪ ತಾಳ್ಮೆಯಿಂದ ಮುಂದೆ ಓದಬೇಕು.

ಕೊಳವೆ ನೀರು ಬರುವ ಮುಂಚೆ ಈ ಸೀಮೆಯಲ್ಲಿ ತೋಟ ಮಾಡುವವನು ಮೊದಲು ನೀರನ್ನು ಲೆಕ್ಕ ಹಾಕುತ್ತಿದ್ದ. ಹೈದರಾಲಿ 1760ರಲ್ಲಿ ಲಾಲ್‌ಬಾಗ್ ಆರಂಭಿಸಿದಾಗ ಶಿರಾದ ಮೊಗಲ್ ತೋಟ ಅವನ ಕಣ್ಣ ಮುಂದಿತ್ತು ಎನ್ನುತ್ತಾರೆ. ಶ್ರೀರಂಗಪಟ್ಟಣ ಬಿದ್ದ ಮರುವರ್ಷ, ಅಂದರೆ 1800ರಲ್ಲಿ, ಕಂಪನಿ ಸರ್ಕಾರದ ಪರವಾಗಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಬೆಂಗಳೂರಿನ ಈ ತೋಟಗಳನ್ನು ನೋಡಿ ಬರೆದಿಟ್ಟಿದ್ದಾನೆ. ಚೌಕ ಚೌಕವಾದ ಮಡಿಗಳು, ನಡುವೆ ಓಡಾಡುವ ದಾರಿ, ದಾರಿಯ ಅಂಚಿಗೆ ಸೈಪ್ರೆಸ್ ಮರ. ಒಂದು ಮಡಿಯಲ್ಲಿ ಬರೀ ಗುಲಾಬಿಯಾದರೆ ಇನ್ನೊಂದರಲ್ಲಿ ಬರೀ ದಾಳಿಂಬೆ. ಇದೆಲ್ಲ ಚೆಂದಕ್ಕೆ ಎಂದು ನಮಗನ್ನಿಸಬಹುದು. ಆದರೆ ಅದೇ ಬುಕಾನನ್ ಈ ತೋಟಗಳಿಗಿದ್ದ ಕೊರತೆ ನೀರಿನದು ಎಂದೂ, ಬಾವಿಗಳಿಂದ ಎತ್ತು ಕಟ್ಟಿದ ಕಪಿಲೆಯಲ್ಲಿ ನೀರೆತ್ತುತ್ತಿದ್ದರೆಂದೂ ಬರೆದಿದ್ದಾನೆ. ಕಪಿಲೆ ಹೊಡೆದವರ ಮನೆಯಲ್ಲಿ ಹುಟ್ಟಿದವರಿಗೆ ಅದರ ಅರ್ಥ ಗೊತ್ತು. ಎತ್ತು ಇಳಿಜಾರಿನಲ್ಲಿ ಇಳಿದರೆ ಒಂದು ಚರ್ಮದ ಬಾನಿ ನೀರು ಮೇಲೆ ಬರುತ್ತದೆ. ಹಾಗೆ ಬಂದ ನೀರನ್ನು ಯಾರೂ ಬಯಲಿಗೆ ಚೆಲ್ಲುವುದಿಲ್ಲ. ಒಂದೇ ಜಾತಿಯ ಗಿಡ ಒಂದೇ ಮಡಿಯಲ್ಲಿದ್ದರೆ ಎಲ್ಲಕ್ಕೂ ಬೇಕಾಗುವ ನೀರು ಒಂದೇ ಅಳತೆಯದು. ಹೆಚ್ಚು ಬೇಡುವ ಗಿಡದ ಸಲುವಾಗಿ ಕಡಿಮೆ ಸಾಕೆನ್ನುವ ಗಿಡಕ್ಕೂ ಕಟ್ಟಬೇಕಾಗಿಲ್ಲ. ಇವತ್ತಿನ ಉದ್ಯಾನ ವಿನ್ಯಾಸದ ಪುಸ್ತಕಗಳು ನೀರಿನ ಅಗತ್ಯ ನೋಡಿ ಗಿಡಗಳನ್ನು ಗುಂಪು ಮಾಡಿ ಎಂದು ಹೇಳುವುದು ಇದನ್ನೇ.

ಇದು ಅರಸರ ತೋಟದ ಮಾತಾಯಿತು. ಹಳ್ಳಿಯವರ ತೋಟ ಗುಂಡುತೋಪು. ಹಳೆಯ ಗ್ರಾಮ ನಕ್ಷೆಗಳಲ್ಲಿ ಕೆರೆ, ಗೋಮಾಳ, ಸ್ಮಶಾನಗಳ ಜೊತೆಗೆ ಗುಂಡುತೋಪನ್ನೂ ಗುರುತು ಮಾಡಿರುತ್ತಾರೆ. ಮಾವು, ಹಲಸು, ನೇರಳೆ, ಹುಣಸೆ, ಹೊಂಗೆ, ಇಪ್ಪೆ, ನಡುವೆ ಒಂದೋ ಎರಡೋ ಆಲ ಅಥವಾ ಗೋಣಿ. ಸಸಿ ಊರುವ ವರ್ಷ, ಮತ್ತೆರಡು ಬೇಸಿಗೆ ಕೊಡದಲ್ಲಿ ನೀರು ಹೊತ್ತರೆ ಆಯಿತು. ಆಮೇಲೆ ಮಳೆಯೇ ಗತಿ. ದನ ಮಲಗುವುದು, ದಾರಿಹೋಕರು ಗಾಡಿ ಬಿಚ್ಚುವುದು, ಜಾತ್ರೆಯ ಅಡುಗೆ, ಹುಡುಗರ ಮರಕೋತಿ ಆಟ ಎಲ್ಲ ಅಲ್ಲಿಯೇ. ಉದುರಿದ ಎಲೆಯನ್ನು ಯಾರೂ ಗುಡಿಸಿ ಸುಡುತ್ತಿರಲಿಲ್ಲ. ತರಗೆಲೆ ಹೊದಿಕೆಯಾಗಿ ಬಿದ್ದಿದ್ದರಿಂದ ಬೇಸಿಗೆಯ ಬಿಸಿಲಿಗೆ ನೆಲದ ತೇವ ಬೇಗ ಆರುತ್ತಿರಲಿಲ್ಲ. ಹೊಂಗೆಯ ಎಲೆ ಗೊಬ್ಬರಕ್ಕೆ, ಬೀಜ ದೀಪದ ಎಣ್ಣೆಗೆ. ಮಾವಿನ ಫಸಲು ಹರಾಜಾದರೆ ಊರಿಗೆ ನಾಲ್ಕು ಕಾಸು.

ಅರಳಿಕಟ್ಟೆಯೂ ಒಂದು ವಿನ್ಯಾಸವೇ. ಅರಳಿ ಬೇವು ಜೊತೆಯಾಗಿ ನೆಟ್ಟು ಸುತ್ತ ಕಲ್ಲು ಕಟ್ಟಿದರೆ ಕೂರಲು ಜಾಗ, ಬುಡಕ್ಕೆ ರಕ್ಷಣೆ, ಪೂಜೆಗೆ ನಾಗರಕಲ್ಲು. ನೂರು ವರ್ಷ ರಿಪೇರಿ ಬೇಕಿಲ್ಲ. ಇನ್ನು ಹಿತ್ತಲು: ಬಚ್ಚಲ ನೀರು ಹೋಗುವ ಕಡೆ ಬಾಳೆ ಮತ್ತು ಕೆಸು, ಅದರ ತೇವ ತಲುಪುವಷ್ಟು ದೂರಕ್ಕೆ ಕರಿಬೇವು, ನುಗ್ಗೆ, ದಾಸವಾಳ, ಒಣಗಿದ ಅಂಚಿಗೆ ಕನಕಾಂಬರ. ಯಾವ ಗಿಡ ಎಲ್ಲಿರಬೇಕೆಂದು ನಮ್ಮ ಅಜ್ಜಿಯರಿಗೆ ಯಾರೂ ನಕ್ಷೆ ಬರೆದು ಕೊಟ್ಟಿರಲಿಲ್ಲ.

ಹತ್ತೊಂಬತ್ತನೆಯ ಶತಮಾನದಲ್ಲಿ ಲಾಲ್‌ಬಾಗ್ ಇಂಗ್ಲಿಷರ ಉಸ್ತುವಾರಿಗೆ ಹೋಗಿ, 1856ರಲ್ಲಿ ಸರ್ಕಾರಿ ಸಸ್ಯೋದ್ಯಾನವಾಯಿತು. ಲಂಡನ್ನಿನ ಕ್ಯೂ ತೋಟದಲ್ಲಿ ಪಳಗಿದವರು ಮೇಲ್ವಿಚಾರಕರಾಗಿ ಬಂದರು. 1874ರಿಂದ ಮೂರು ದಶಕಕ್ಕೂ ಹೆಚ್ಚು ಕಾಲ ಇದ್ದ ಜಾನ್ ಕ್ಯಾಮರೂನ್ ಹೊರದೇಶದ ಎಷ್ಟೋ ಸಸ್ಯಗಳನ್ನು ತಂದು ಇಲ್ಲಿನ ಮಣ್ಣಿಗೆ ಒಗ್ಗಿಸಿದ. ನಾವು ಹುಳಿಗೆ ಹಾಕುವ ಸೀಮೆಬದನೆಯನ್ನು ಇಲ್ಲಿ ಹಬ್ಬಿಸಿದವನು ಅವನೇ ಎನ್ನುತ್ತಾರೆ. ಅವನ ನಂತರ 1908ರಲ್ಲಿ ಬಂದವರು ಜರ್ಮನಿಯ ಗುಸ್ತಾವ್ ಹರ್ಮನ್ ಕ್ರುಂಬಿಗಲ್. ಬರೋಡಾ ಮತ್ತು ಊಟಿಯಲ್ಲಿ ಕೆಲಸ ಮಾಡಿದ್ದ ಇವರು ಮೈಸೂರು ಸಂಸ್ಥಾನದ ಸೇವೆಯಲ್ಲಿ 1932ರವರೆಗೆ ಇದ್ದು, 1956ರಲ್ಲಿ ಬೆಂಗಳೂರಿನಲ್ಲಿಯೇ ತೀರಿಕೊಂಡರು.

ಕ್ರುಂಬಿಗಲ್ ಅವರ ದೊಡ್ಡ ಆಲೋಚನೆ ಸರಳವಾದದ್ದು. ಒಂದು ಬೀದಿಯ ಮರಗಳ ಹೂವಿನ ಕಾಲ ಮುಗಿಯುವ ಹೊತ್ತಿಗೆ ಇನ್ನೊಂದು ಬೀದಿಯಲ್ಲಿ ಹೂ ಬರಬೇಕು. ವರ್ಷದ ಯಾವ ತಿಂಗಳಲ್ಲೂ ಊರು ಹೂವಿಲ್ಲದೆ ಇರಬಾರದು. ಜಕರಾಂಡದ ನೇರಳೆ ಬಣ್ಣ ಮುಗಿಯುತ್ತಿದ್ದಂತೆ ಗುಲ್‌ಮೊಹರ್ ಕೆಂಪು ಶುರು. ಅವರು ನೆಚ್ಚಿದ ಮರಗಳಲ್ಲಿ ಅನೇಕವು ಹೊರಗಿನವು: ಜಕರಾಂಡ ದಕ್ಷಿಣ ಅಮೆರಿಕದ್ದು, ಗುಲ್‌ಮೊಹರ್ ಮಡಗಾಸ್ಕರಿನದು. ಆದರೆ ಲೆಕ್ಕಾಚಾರ ಇಲ್ಲಿಯದು. ಯೂರೋಪಿನ ತೋಟಗಾರನ ವರ್ಷ ಚಳಿ ಮತ್ತು ವಸಂತಗಳಿಗೆ ಕಟ್ಟುಬಿದ್ದದ್ದು. ನಮ್ಮದು ಮೇ ತಿಂಗಳಲ್ಲಿ ಒಮ್ಮೆ, ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಜೋರಾಗಿ ಮಳೆಯಾಗಿ, ಜನವರಿಯಿಂದ ಮಾರ್ಚಿಯವರೆಗೆ ಒಣಗುವ ನೆಲ. ಎಲೆ ಉದುರಿಸಿ ಹೂ ಬಿಡುವ ಮರಕ್ಕೆ ಆ ಒಣ ತಿಂಗಳೇ ಹಬ್ಬ. ಇದನ್ನು ಕಣ್ಣಿಟ್ಟು ನೋಡಿ ನೆಟ್ಟರೆಂಬುದಕ್ಕೆ ಅವರನ್ನು ಮೆಚ್ಚಬೇಕು. ಆ ಕೆಲಸಕ್ಕೆ ನಮ್ಮ ಮುತ್ತುಗ, ಬೂರುಗ, ಕಕ್ಕೆ, ಹೊಳೆದಾಸವಾಳಗಳೂ ಸಾಕಾಗುತ್ತಿದ್ದವು ಎಂದು ನನ್ನ ಅನಿಸಿಕೆ. ಜಕರಾಂಡದ ಕೆಳಗೆ ನಿಂತಾಗ ಮಾತ್ರ ಈ ವಾದ ಸ್ವಲ್ಪ ಸಡಿಲವಾಗುತ್ತದೆ.

ಈಗ ನಮ್ಮೂರ ಪಂಪ್ ಹೌಸಿಗೆ ಮರಳೋಣ. ಬೀದಿಮರಕ್ಕೆ ಕೊಳವೆ ನೀರು ಬಹುಕಾಲ ಬೇಕಾಗಲಿಲ್ಲ. ಬೇಕಾದದ್ದು ಬಂಗಲೆಯ ಮುಂದಿನ ಹುಲ್ಲುಹಾಸಿಗೆ, ಅಂದರೆ ಲಾನಿಗೆ. ಇಂಗ್ಲೆಂಡಿನಲ್ಲಿ ವರ್ಷವಿಡೀ ಜಿನುಗುವ ಮಳೆಗೆ ತಾನಾಗಿ ಹಸಿರಾಗಿರುವ ಹುಲ್ಲು ನಮ್ಮ ಮಾರ್ಚಿಯಲ್ಲಿ ಹಸಿರಾಗಿರಬೇಕಾದರೆ ದಿನಾ ನೀರು ಕುಡಿಯಬೇಕು. ಬಾವಿಯಿಂದ ಮಾಲಿಗಳು ಹೊತ್ತು ಹಾಕುವ ಕಾಲದಲ್ಲಿ ಅದು ದೊಡ್ಡ ಸಾಹೇಬರಿಗೆ ಮಾತ್ರ ಸಾಧ್ಯವಿದ್ದ ಶೋಕಿ. ನಲ್ಲಿ ಬಂದ ಮೇಲೆ ಅನುಕೂಲವಿದ್ದ ಯಾರ ಮನೆಯ ಮುಂದೂ ಅದು ಸಾಧ್ಯವಾಯಿತು. ನೀರು ಎಲ್ಲಿಂದ ಬರುತ್ತದೆಂದು ಕೇಳುವ ಅಗತ್ಯ ತಪ್ಪಿತು. ತೋಟಕ್ಕೂ ಅದು ನಿಂತ ನೆಲದ ಮಳೆಗೂ ಇದ್ದ ನಂಟು ಸಡಿಲವಾದದ್ದು ಆಗ, ಮತ್ತು ಅದರ ಒಂದು ಗಂಟು ಬಿಚ್ಚಿದ್ದು ನಮ್ಮ ಸೋಲದೇವನಹಳ್ಳಿಯಲ್ಲಿ.

ಹೆಸರಘಟ್ಟದ ನೀರು ಬೆಳೆಯುವ ಪಟ್ಟಣಕ್ಕೆ ಬೇಗನೆ ಸಾಲದಾಯಿತು. 1933ರ ಹೊತ್ತಿಗೆ ಅದೇ ಅರ್ಕಾವತಿಗೆ ಕೆಳಗಡೆ ತಿಪ್ಪಗೊಂಡನಹಳ್ಳಿಯಲ್ಲಿ ಕಟ್ಟೆ ಕಟ್ಟಿದರು. 1974ರಲ್ಲಿ ಕಾವೇರಿಯೇ ಬಂತು. ಹೆಸರಘಟ್ಟದ ಕೆರೆಗೆ ನೀರು ಬರುವ ಸೀಮೆಯಲ್ಲಿ ಬೋರ್‌ವೆಲ್‌ಗಳು ಹೆಚ್ಚಿದವು, ಹೊಲಗಳಿಗೆ ನೀಲಗಿರಿ ಬಂತು, ಹಳ್ಳಗಳ ಹರಿವು ಕಡಿಮೆಯಾಯಿತು. ಕೆರೆ ವರ್ಷಗಟ್ಟಲೆ ಒಣಗಿ ನಿಂತದ್ದನ್ನು ನಮ್ಮ ಶಾಲೆಯಿಂದ ಹೊರಬಂದ ಹಲವಾರು ತಂಡದವರು ಕಂಡಿದ್ದಾರೆ. ನೀರಿರುವ ಹೆಸರಘಟ್ಟ ಅವರಿಗೆ ತಂದೆಯವರು ಹೇಳುವ ಕತೆ. 2022ರ ಭಾರಿ ಮಳೆಗೆ ಅದು ತುಂಬಿದಾಗ ಜನ ಸಂಸಾರ ಸಮೇತ ನೋಡಲು ಹೋದರು.

ಕೆರೆಯ ಪಕ್ಕದ ಹುಲ್ಲುಗಾವಲಿನ ಬಗ್ಗೆ ಒಂದು ಮಾತು ಸೇರಿಸಬೇಕು. ಮಳೆ ಬಿದ್ದಾಗ ಹಸಿರು, ದೀಪಾವಳಿ ಕಳೆದ ಮೇಲೆ ಬಂಗಾರ, ಬೇಸಿಗೆಗೆ ಬೂದು. ಯಾರೂ ನೀರು ಹಾಕದೆ, ಮಿಷನ್ನಿನಲ್ಲಿ ಕತ್ತರಿಸದೆ ಇರುವ ಹುಲ್ಲು ಅದು. ನಮ್ಮ ಕಡೆಯ ನಿಜವಾದ ‘ಲಾನ್’ ನೋಡಬೇಕಾದವರು ಅಲ್ಲಿಗೆ ಹೋಗಬೇಕು. ಪಾಳು ಬಿದ್ದ ಜಾಗವೆಂದು ಅಲ್ಲಿ ಮರ ನೆಡಲು ಹೊರಡುವವರಿದ್ದಾರೆ. ಹುಲ್ಲನ್ನೇ ನಂಬಿದ ಹಕ್ಕಿಗಳಿಗೆ ಆ ಮರ ಉಪಕಾರವಲ್ಲ. ಅದರ ಮಗ್ಗುಲಲ್ಲೇ 1967ರಲ್ಲಿ ಆರಂಭವಾದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಇದೆ. ಅಲ್ಲಿ ಹೊರತಂದ ತಳಿಗಳಿಗೆ ‘ಅರ್ಕಾ’ ಎಂಬ ಹೆಸರು ಸೇರಿರುವುದು ಅರ್ಕಾವತಿಯಿಂದ. ನದಿ ಒಣಗಿದರೂ ಅದರ ಹೆಸರು ದೇಶದ ಎಷ್ಟೋ ರೈತರ ಬೀಜದ ಪೊಟ್ಟಣದ ಮೇಲೆ ಉಳಿದಿದೆ.

ಇಷ್ಟೆಲ್ಲ ಬರೆದದ್ದಕ್ಕೆ ಕಾರಣವಿದೆ. ಸುವರ್ಣ ಮಹೋತ್ಸವದ ನೆನಪಿಗೆ ಶಾಲೆಯ ಆವರಣದಲ್ಲಿ ಒಂದು ಉದ್ಯಾನ ಮಾಡಿಸಬೇಕೆಂದು ಹಳೆಯ ವಿದ್ಯಾರ್ಥಿಗಳಲ್ಲಿ ಮಾತು ನಡೆದಿದೆ. ಬಹಳ ಸಂತೋಷ. ಒಂದು ಕಾಲು ಎಕರೆ ಲಾನ್, ಸುತ್ತ ಸಿಮೆಂಟ್ ಹೆಂಚು, ಬಾಗಿಲಿಗೆ ಸಾಲು ಪಾಮ್ ಮರ ಎಂಬ ಸಲಹೆ ಮುಂದೆ ಬಂದಿದೆ. ಕೊಡುವ ಮನಸ್ಸು ದೊಡ್ಡದು. ಲೆಕ್ಕವನ್ನೂ ಒಮ್ಮೆ ನೋಡೋಣ. ಕಾಲು ಎಕರೆ ಎಂದರೆ ಸುಮಾರು 1,000 ಚದರ ಮೀಟರ್. ಬೇಸಿಗೆಯಲ್ಲಿ ಹುಲ್ಲುಹಾಸಿನಿಂದ ದಿನಕ್ಕೆ ಸುಮಾರು 4–5 ಮಿಲಿಮೀಟರ್ ನೀರು ಆವಿಯಾಗುತ್ತದೆ. ಅಂದರೆ ದಿನಕ್ಕೆ 4,000ದಿಂದ 5,000 ಲೀಟರ್, ಹೆಚ್ಚುಕಡಿಮೆ ಒಂದು ಟ್ಯಾಂಕರ್. ಪರೀಕ್ಷೆಯ ತಿಂಗಳಲ್ಲಿ ಮಕ್ಕಳ ಕುಡಿಯುವ ನೀರಿಗೇ ಪರದಾಡುವ ಶಾಲೆಗಳು ನಮ್ಮ ಸುತ್ತ ಎಷ್ಟಿಲ್ಲ?

ಇನ್ನೊಂದು ಲೆಕ್ಕ. ಬೆಂಗಳೂರಿನ ಮಳೆ ವರ್ಷಕ್ಕೆ 900 ಮಿಲಿಮೀಟರಿನ ಆಸುಪಾಸು. ಒಂದು ಎಕರೆ ಬಯಲಿನ ಮೇಲೆ ಬೀಳುವ ನೀರು 36 ಲಕ್ಷ ಲೀಟರ್. ಹೆಂಚು ಹಾಸಿದರೆ ಅದರಲ್ಲಿ ಬಹುಪಾಲು ಚರಂಡಿಗೆ ಹೋಗುತ್ತದೆ. ಅದರ ಬದಲು ನೆಲದ ಇಳಿಜಾರಿಗೆ ಅಡ್ಡಲಾಗಿ ಮೊಣಕಾಲೆತ್ತರದ ಬದು ಹಾಕಿ, ಬದುವಿನ ಮೇಲ್ಬದಿಯಲ್ಲಿ ಮರ ನೆಟ್ಟರೆ ಮಳೆಗಾಲದ ನೀರು ಬೇರಿನ ಹತ್ತಿರವೇ ಇಂಗುತ್ತದೆ. ಹೊಲದಲ್ಲಿ ನಮ್ಮ ಅಪ್ಪಂದಿರು ಮಾಡಿದ್ದೂ ಅದೇ. ಎರಡು ಸಾವಿರ ಚದರ ಅಡಿಯ ಚಾವಣಿಯಿಂದಲೇ, ಸೋರಿ ಆರಿದ್ದು ಕಳೆದು, ವರ್ಷಕ್ಕೆ ಒಂದೂಕಾಲು ಲಕ್ಷ ಲೀಟರಿನಷ್ಟು ಹಿಡಿಯಬಹುದು. ಎಳೆ ಸಸಿಗಳ ಮೊದಲ ಎರಡು ಬೇಸಿಗೆಗೆ, ತೊಟ್ಟಿಯಲ್ಲಿ ಕೂಡಿಡುವಷ್ಟು ಜಾಗ ಮಾಡಿಕೊಂಡರೆ, ಅದರಲ್ಲಿ ಒಂದು ಪಾಲು ಸಾಕು.

ಮರಗಳ ಪಟ್ಟಿಯನ್ನು ಕ್ರುಂಬಿಗಲ್ ಅವರ ಲೆಕ್ಕದಲ್ಲಿ, ನಮ್ಮ ತೋಪಿನ ಮರಗಳಿಂದ ಮಾಡಬಹುದು. ಜನವರಿ–ಫೆಬ್ರವರಿಗೆ ಬೂರುಗ ಮತ್ತು ಮುತ್ತುಗ, ಯುಗಾದಿಯ ಹೊತ್ತಿಗೆ ಹೊಂಗೆ ಮತ್ತು ಬೇವು, ರಜದಲ್ಲಿ ಕಕ್ಕೆ, ಶಾಲೆ ಶುರುವಾಗುವಾಗ ಹೊಳೆದಾಸವಾಳ, ಮಳೆಗಾಲಕ್ಕೆ ಕದಂಬ, ದಸರೆಯ ಸುಮಾರಿಗೆ ಪಾರಿಜಾತ. ಆಟದ ಬಯಲಿನ ಪಡುವಣ ಅಂಚಿಗೆ ಎರಡು ನೇರಳೆ, ಒಂದು ಹುಣಸೆ ಇದ್ದರೆ ಮಧ್ಯಾಹ್ನದ ಮೇಲಿನ ಪಿ.ಟಿ. ತರಗತಿಗೆ ನೆರಳು. ಹಣ್ಣಿನ ಕಾಲದಲ್ಲಿ ಮಕ್ಕಳು ಮರ ಹತ್ತುತ್ತಾರೆಂಬ ಆಕ್ಷೇಪಣೆ ಬರುತ್ತದೆ. ಹತ್ತಲಿ. ಬಿಸಿಯೂಟದ ಪಾತ್ರೆ, ತಟ್ಟೆ ತೊಳೆದ ನೀರು ಹೋಗುವ ಕಡೆ ಬಾಳೆ, ನುಗ್ಗೆ, ಕರಿಬೇವು ಹಾಕಿದರೆ ಅಡುಗೆಯವರಿಗೂ ಉಪಯೋಗ. ತರಗೆಲೆಗೆ ಬೆಂಕಿ ಹಚ್ಚುವುದನ್ನು ಮಾತ್ರ ಮೊದಲ ದಿನದಿಂದಲೇ ನಿಲ್ಲಿಸಬೇಕು.

ಗುಂಡಿಗಳನ್ನು ಭರಣಿ ಮಳೆಗೆ ಮುಂಚೆ ತೆಗೆದಿಡುವುದು ಒಳ್ಳೆಯದು. ಮಣ್ಣು ಬಿಸಿಲಿಗೆ ಕಾದು, ಮೊದಲ ಮಳೆಗೆ ನೆನೆದಿರುತ್ತದೆ. ಮೃಗಶಿರದಲ್ಲಿ ಸಸಿ ಇಟ್ಟರೆ ಉತ್ತರೆ, ಹಸ್ತಾ ಮಳೆಗಳು ಬೀಳುವ ಹೊತ್ತಿಗೆ ಬೇರು ಹಿಡಿದಿರುತ್ತದೆ. ಒಂದೊಂದು ವರ್ಷದ ಎಸ್.ಎಸ್.ಎಲ್.ಸಿ. ತಂಡ ಒಂದೊಂದು ಮರದ ಹೊಣೆ ಹೊತ್ತರೆ ಮರ ಐವತ್ತಾಗುತ್ತದೆ. ಅಷ್ಟಕ್ಕೆ ಜಾಗವಿದೆ, ಕಾಂಪೌಂಡಿನ ಉದ್ದಗಲವನ್ನು ಹೆಜ್ಜೆ ಹಾಕಿ ಅಳೆದೇ ಇದನ್ನು ಬರೆದಿದ್ದೇನೆ.